‘ಗೆಸ್ಟ್‌ಗೆ ಎಲ್ಲಿಯ ಹೆರಿಗೆ ರಜೆ?’ ಅಂದರಂತೆ ಪ್ರಿನ್ಸಿಪಾಲ್

ಪ್ರಶ್ನೆ: ಮಂಜೇಶ್ವರ ತಾಲೂಕಿನ ಒಂದು ಅನುದಾನರಹಿತ ಕಾಲೇಜಿನಲ್ಲಿ ಆರು ವರ್ಷದಿಂದ ಗೆಸ್ಟ್ ಲೆಕ್ಚರರ್ (ಅತಿಥಿ ಉಪನ್ಯಾಸಕಿ) ಆಗಿ ಕನ್ನಡ ಕಲಿಸುತ್ತಿದ್ದೇನೆ. ಪ್ರತಿ ಜೂನ್‌ನಲ್ಲಿ ಹೊಸ ಆರ್ಡರ್ ಕೊಡುತ್ತಾರೆ, ಮಾರ್ಚ್ 31ಕ್ಕೆ ಮುಗಿಯುತ್ತದೆ. ಸೇರುವಾಗ ತಿಂಗಳಿಗೆ 12,000 ರೂಪಾಯಿ ಇತ್ತು, ಈಗ 18,000. ಪಿ.ಎಫ್. (ಭವಿಷ್ಯ ನಿಧಿ) ಇಲ್ಲ, ಇ.ಎಸ್.ಐ. (ನೌಕರರ ರಾಜ್ಯ ವಿಮೆ) ಇದೆಯೋ ಇಲ್ಲವೋ ಗೊತ್ತಿಲ್ಲ. ನನಗೀಗ ಐದನೇ ತಿಂಗಳು, ಡಿಸೆಂಬರ್‌ನಲ್ಲಿ ಹೆರಿಗೆ. ರಜೆ ಕೇಳಿದರೆ, ‘ಗೆಸ್ಟ್‌ಗೆ ಎಲ್ಲಿಯ ಹೆರಿಗೆ ರಜೆ? ನಿಮ್ಮ ಜಾಗಕ್ಕೆ ಬೇರೆಯವರನ್ನು ನೋಡುತ್ತೇವೆ’ ಅಂದರು. ನನಗೆ ಏನಾದರೂ ಹಕ್ಕು ಇದೆಯೇ?

ಉತ್ತರ: ಇದೆ ಟೀಚರ್. ಒಂದಲ್ಲ, ನಾಲ್ಕು ಇವೆ. ಮೊದಲು ಹೆರಿಗೆ ರಜೆಯ ವಿಷಯ ನೋಡೋಣ, ಯಾಕೆಂದರೆ ಅದಕ್ಕೆ ದಿನ ಜಾಸ್ತಿ ಉಳಿದಿಲ್ಲ.

ಹೆರಿಗೆ ಸೌಲಭ್ಯದ ಕಾಯ್ದೆ ಬಂದದ್ದು 1961ರಲ್ಲಿ. 2017ರ ತಿದ್ದುಪಡಿಯಲ್ಲಿ ಮೊದಲ ಎರಡು ಮಕ್ಕಳಿಗೆ ಸಂಬಳಸಹಿತ ರಜೆ 26 ವಾರಕ್ಕೆ ಏರಿತು. ಈಗ ಆ ನಿಯಮಗಳೆಲ್ಲ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ಸೇರಿವೆ. ಅದು 2025ರ ನವೆಂಬರ್ 21ರಿಂದ ಜಾರಿಯಲ್ಲಿದೆ. ನಿಮ್ಮ ಹುದ್ದೆ ಖಾಯಂ ಹೌದೋ ಅಲ್ಲವೋ ಎಂದು ಕಾನೂನು ಕೇಳುವುದಿಲ್ಲ. ಹೆರಿಗೆಯ ಹಿಂದಿನ 12 ತಿಂಗಳಲ್ಲಿ 80 ದಿನ ಕೆಲಸ ಮಾಡಿದ್ದೀರಾ ಎಂದಷ್ಟೇ ಕೇಳುತ್ತದೆ. ಕಳೆದ ಜನವರಿಯಿಂದ ಮಾರ್ಚ್‌ವರೆಗೆ, ಮತ್ತೆ ಜೂನ್‌ನಿಂದ ಇವತ್ತಿನವರೆಗೆ ಲೆಕ್ಕ ಹಾಕಿ. 80 ಯಾವತ್ತೋ ದಾಟಿರುತ್ತದೆ. ದಿನಗೂಲಿ ಹೆಂಗಸರಿಗೂ ಈ ಸೌಲಭ್ಯ ಸಿಗಬೇಕು ಎಂದು ಸುಪ್ರೀಂ ಕೋರ್ಟ್ 2000ದಲ್ಲೇ ಹೇಳಿದೆ. ಅದು ದೆಹಲಿ ಮುನ್ಸಿಪಾಲಿಟಿಯ ಮಸ್ಟರ್ ರೋಲ್ ಕೆಲಸಗಾರರ ಕೇಸು. ರಸ್ತೆ ಕೆಲಸದ ಹೆಂಗಸಿಗೆ ಸಿಕ್ಕಿದ್ದು ಪಾಠ ಹೇಳುವ ನಿಮಗೆ ಯಾಕೆ ಸಿಗಬಾರದು?

‘ಮಾರ್ಚ್ 31ಕ್ಕೆ ನಿಮ್ಮ ಆರ್ಡರ್ ಮುಗಿಯುತ್ತದಲ್ಲ, 26 ವಾರ ಎಲ್ಲಿಂದ ಕೊಡುವುದು?’ ಎಂದು ನಾಳೆ ಕೇಳಬಹುದು. ಅದಕ್ಕೂ ಉತ್ತರ ಸಿಕ್ಕಿದೆ. ದೆಹಲಿಯ ಸರಕಾರಿ ಆಸ್ಪತ್ರೆಯಲ್ಲಿ ಕರಾರಿನ ಮೇಲೆ ಇದ್ದ ಡಾಕ್ಟರೊಬ್ಬರ ಕೇಸಿನಲ್ಲಿ, 2023ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇದನ್ನೇ: ಹೆರಿಗೆ ಸೌಲಭ್ಯ ಕರಾರಿನ ಅವಧಿ ದಾಟಿಯೂ ನಡೆಯುತ್ತದೆ. ಆರ್ಡರ್ ಮುಗಿಯಿತು ಎಂದು ಸೌಲಭ್ಯ ನಿಲ್ಲಿಸುವಂತಿಲ್ಲ. ರಜೆಯಲ್ಲಿರುವಾಗ ಆ ಕಾರಣಕ್ಕೇ ಕೆಲಸದಿಂದ ತೆಗೆಯುವುದೂ ಕಾನೂನುಬಾಹಿರ.

ದುಡ್ಡು ಯಾರು ಕೊಡಬೇಕು? ಅದು ಇ.ಎಸ್.ಐ. ಮೇಲೆ ನಿಂತಿದೆ. ಹತ್ತು ಜನ ಕೆಲಸ ಮಾಡುವ ಕಡೆ, ಸಂಬಳ 21,000ದ ಒಳಗಿದ್ದರೆ ಇ.ಎಸ್.ಐ. ಬೇಕು. ನೀವು ಕಟ್ಟುವುದು ನೂರಕ್ಕೆ ಮುಕ್ಕಾಲು ರೂಪಾಯಿ, ಕಾಲೇಜು ಕಟ್ಟುವುದು ಮೂರೂಕಾಲು ರೂಪಾಯಿ. ಅಂದರೆ ನಿಮ್ಮ 18,000ದಲ್ಲಿ ತಿಂಗಳಿಗೆ 135 ರೂಪಾಯಿ ಕಡಿತ ಆಗಬೇಕು. ಇವತ್ತೇ ಬ್ಯಾಂಕ್ ಪಾಸ್‌ಬುಕ್ ತೆಗೆದು ನೋಡಿ. ಜಮೆ ಆದದ್ದು 17,865 ಇದ್ದರೆ ನಿಮ್ಮ ಹೆಸರು ಇ.ಎಸ್.ಐ.ಯಲ್ಲಿದೆ ಎಂದು ಅರ್ಥ. ಆಗ ರಜೆಯ ದುಡ್ಡು ಇ.ಎಸ್.ಐ. ಕೊಡುತ್ತದೆ. ಪೂರ್ತಿ 18,000 ಜಮೆ ಆಗಿದ್ದರೆ ಹೆಸರು ಸೇರಿಸಿಲ್ಲ ಎಂದಾಗುತ್ತದೆ. ಸೇರಿಸಬೇಕಾದವರು ಕಾಲೇಜಿನವರು, ಹಾಗಾಗಿ ಹೊಣೆಯೂ ಅವರ ಮೇಲೇ ಬರುತ್ತದೆ. ‘ಸೇರಿಸಿಲ್ಲ, ಹಾಗಾಗಿ ಕೊಡುವುದಿಲ್ಲ’ ಎನ್ನಲು ಬರುವುದಿಲ್ಲ.

ಈ ವಾರವೇ ಒಂದು ಕಾಗದ ಬರೆಯಿರಿ. ಉದ್ದ ಬೇಡ, ನಾಲ್ಕೇ ಸಾಲು ಸಾಕು: ನಿರೀಕ್ಷಿತ ಹೆರಿಗೆ ದಿನ, ಯಾವತ್ತಿನಿಂದ ರಜೆ ಬೇಕು, 26 ವಾರದ ಸಂಬಳ ಯಾರ ಹೆಸರಿಗೆ. ಹೆರಿಗೆಗೆ ಎಂಟು ವಾರ ಮೊದಲಿನಿಂದ ರಜೆ ಹಾಕಬಹುದು. ಡಾಕ್ಟರ ಚೀಟಿಯ ಪ್ರತಿ ಜೊತೆಗಿಡಿ. ಕೈಯಲ್ಲಿ ಕೊಡುವುದಾದರೆ ಇನ್ನೊಂದು ಪ್ರತಿಗೆ ಸೀಲು ಮತ್ತು ತಾರೀಕು ಹಾಕಿಸಿಕೊಳ್ಳಿ. ಹಾಕದಿದ್ದರೆ ಸ್ಪೀಡ್ ಪೋಸ್ಟ್. ಆ ಮೇಲೂ ಜಗ್ಗದಿದ್ದರೆ ಕಾಸರಗೋಡಿನ ಜಿಲ್ಲಾ ಲೇಬರ್ ಆಫೀಸಿಗೆ ದೂರು ಕೊಡಿ. ವಕೀಲರು ಬೇಕಾದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಹೆಂಗಸರಿಗೆ ಅಲ್ಲಿ ವಕೀಲರು ಉಚಿತ, ವರಮಾನ ಎಷ್ಟೇ ಇರಲಿ. ಇದು ಎಷ್ಟೋ ಜನ ಟೀಚರುಗಳಿಗೆ ಗೊತ್ತೇ ಇಲ್ಲ.

ಇನ್ನು ಪಿ.ಎಫ್. ಇಪ್ಪತ್ತು ಜನ ಇರುವ ಸಂಸ್ಥೆಗೆ ಅದು ಕಡ್ಡಾಯ. ಕಾಲೇಜು, ಶಾಲೆಗಳು 1982ರಿಂದಲೇ ಅದರೊಳಗಿವೆ. ಮೊದಲ ಸಲ ಸೇರುವಾಗಲೇ ಸಂಬಳ 15,000ಕ್ಕಿಂತ ಜಾಸ್ತಿ ಇದ್ದವರನ್ನು ಬಿಡಬಹುದು. ನೀವು ಸೇರಿದ್ದು 12,000ಕ್ಕೆ ಅಲ್ವಾ? ಹಾಗಾದರೆ ನಿಮ್ಮನ್ನು ಬಿಡುವ ಹಾಗಿರಲಿಲ್ಲ. ಬರೀ ಆ ಮೊದಲ ಸಂಬಳದ ಲೆಕ್ಕ ನೋಡಿದರೂ ನಿಮ್ಮ ಪಾಲು ತಿಂಗಳಿಗೆ 1,440, ಕಾಲೇಜಿನ ಪಾಲು 1,440. ಹತ್ತು ತಿಂಗಳಿಗೆ 28,800 ರೂಪಾಯಿ, ಒಂದೇ ವರ್ಷಕ್ಕೆ. ನಮ್ಮ ಭಾಗಕ್ಕೆ ಪಿ.ಎಫ್. ಕಚೇರಿ ಕಣ್ಣೂರಿನಲ್ಲಿದೆ. ದೂರನ್ನು ಆನ್‌ಲೈನ್‌ನಲ್ಲೂ ಹಾಕಬಹುದು. ವಿಚಾರಣೆ ನಡೆದು ಬಾಕಿ ಕಟ್ಟಿ ಎಂದು ಆದೇಶ ಬಂದರೆ, ಹಳೆಯ ತಿಂಗಳುಗಳ ನಿಮ್ಮ ಪಾಲನ್ನೂ ಸಾಮಾನ್ಯವಾಗಿ ಸಂಸ್ಥೆಯೇ ಹೊರಬೇಕಾಗುತ್ತದೆ.

ನಾಲ್ಕನೆಯದು ಗ್ರಾಚುಯಿಟಿ, ಅಂದರೆ ಕೆಲಸ ಬಿಡುವಾಗ ಸೇವೆಯ ವರ್ಷಕ್ಕೆ ತಕ್ಕಂತೆ ಸಿಗುವ ಇಡಿಗಂಟು. ಟೀಚರುಗಳಿಗೆ ಇದು ಇಲ್ಲ ಎಂದು 2004ರಲ್ಲಿ ಕೋರ್ಟು ಹೇಳಿತ್ತು. 2009ರಲ್ಲಿ ಸಂಸತ್ತು ಕಾಯ್ದೆ ತಿದ್ದಿತು, 1997ರ ಏಪ್ರಿಲ್ 3ರಿಂದಲೇ ಅನ್ವಯಿಸುವಂತೆ. 2022ರಲ್ಲಿ ಸುಪ್ರೀಂ ಕೋರ್ಟು ಆ ತಿದ್ದುಪಡಿ ಸರಿ ಎಂದಿತು. ಇಲ್ಲಿ ದಿನದ ಲೆಕ್ಕ ಮುಖ್ಯ. ವಾರಕ್ಕೆ ಆರು ದಿನಕ್ಕಿಂತ ಕಡಿಮೆ ನಡೆಯುವ ಕಾಲೇಜಾದರೆ ವರ್ಷಕ್ಕೆ 190 ದಿನ ಆಗಬೇಕು, ಆರು ದಿನದ್ದಾದರೆ 240. ಸಂಬಳದ ರಜೆ, ಹೆರಿಗೆ ರಜೆ ಇವೂ ಆ ಲೆಕ್ಕಕ್ಕೆ ಸೇರುತ್ತವೆ. ಆರೂ ವರ್ಷ ದಿನ ಭರ್ತಿಯಾಗಿ 18,000 ಸಂಬಳಕ್ಕೆ ನೀವು ಬಿಟ್ಟರೆ, 26ರಿಂದ ಭಾಗಿಸಿ 15ರಿಂದ ಗುಣಿಸಿ, ಆರರಿಂದ ಗುಣಿಸಿ. ಸುಮಾರು 62,300 ರೂಪಾಯಿ. ಹೊಸ ಸಂಹಿತೆಯಲ್ಲಿ ಇನ್ನೊಂದು ಒಳ್ಳೆಯದಾಗಿದೆ. ನಿಗದಿತ ಅವಧಿಯ ಕರಾರಿನವರು ಐದು ವರ್ಷ ಕಾಯಬೇಕಿಲ್ಲ, ಒಂದು ವರ್ಷಕ್ಕೇ ಗ್ರಾಚುಯಿಟಿಗೆ ಅರ್ಹರು.

ಈ 190 ದಿನದ ಮಾತು ಬಂದಾಗ ನನಗೆ ಒಂದು ಹಳೆಯ ಡೈರಿ ನೆನಪಾಗುತ್ತದೆ. ನಾನೂ ಎಂಟು ವರ್ಷ ಗೆಸ್ಟ್ ಆಗಿದ್ದವನು. ತಿಂಗಳ ಕೊನೆಗೆ ಆಫೀಸಿನಲ್ಲಿ ವೋಚರಿಗೆ ರೆವೆನ್ಯೂ ಸ್ಟ್ಯಾಂಪ್ ಅಂಟಿಸಿ ಸಹಿ ಹಾಕುತ್ತಿದ್ದೆವು. ಅದರ ಮೇಲೆ ‘ಸಂಬಳ’ ಎಂದು ಇರುತ್ತಿರಲಿಲ್ಲ, ‘ಗೌರವಧನ’ ಎಂದಿರುತ್ತಿತ್ತು. ವೋಚರು ಅವರ ಕಪಾಟಿಗೆ ಹೋಗುತ್ತಿತ್ತು, ನಮ್ಮ ಕೈಯಲ್ಲಿ ಏನೂ ಇಲ್ಲ. ನಮ್ಮ ಜೊತೆ ಕಲಿಸುತ್ತಿದ್ದ ಒಬ್ಬರು ಟೀಚರು ಮಾತ್ರ ಒಂದು ಪಾಕೆಟ್ ಡೈರಿ ಇಟ್ಟುಕೊಂಡಿದ್ದರು. ತಾರೀಕು, ಕ್ಲಾಸು, ಎಷ್ಟನೇ ಪೀರಿಯಡ್, ಯಾವ ಪಾಠ. ಪರೀಕ್ಷೆಗೆ ನಿಂತ ದಿನ, ವ್ಯಾಲ್ಯುಯೇಶನ್ ಕ್ಯಾಂಪಿಗೆ ಹೋದ ದಿನ ಕೆಂಪು ಶಾಯಿಯಲ್ಲಿ. ಕೆಲಸ ಬಿಟ್ಟ ಮೇಲೆ ‘ನೀವು ಅಷ್ಟು ದಿನ ಬಂದೇ ಇಲ್ಲ’ ಎಂದು ವಾದ ಬಂದಾಗ, ಅವರು ಆ ಡೈರಿ ಮೇಜಿನ ಮೇಲೆ ಇಟ್ಟರು. ಟೈಮ್ ಟೇಬಲ್ ಜೊತೆ ತಾಳೆ ನೋಡಿದರೆ ಒಂದು ದಿನವೂ ತಪ್ಪಿರಲಿಲ್ಲ. ಅವರಿಗೆ ದುಡ್ಡು ಸಿಕ್ಕಿತು. ನನಗೆ ಸಿಗಲಿಲ್ಲ, ಯಾಕೆಂದರೆ ನಾನು ಏನೂ ಬರೆದಿಟ್ಟಿರಲಿಲ್ಲ. ಆ ಬೇಸರ ಇವತ್ತಿಗೂ ಹೋಗಿಲ್ಲ. ನೀವು ದಯವಿಟ್ಟು ಬರೆದಿಡಿ ಟೀಚರ್. ಆರ್ಡರುಗಳು, ಟೈಮ್ ಟೇಬಲ್, ಪ್ರಿನ್ಸಿಪಾಲರ ವಾಟ್ಸಾಪ್ ಮೆಸೇಜು ಎಲ್ಲವೂ ದಾಖಲೆಯೇ.

ಪ್ರಶ್ನೆ: ನಾನು ಬದಿಯಡ್ಕದವನು. ಜಿಲ್ಲೆಯ ಒಂದು ಸರಕಾರಿ ಕಾಲೇಜಿನಲ್ಲಿ ಗೆಸ್ಟ್ ಲೆಕ್ಚರರ್. ಸಂಬಳ ಐದಾರು ತಿಂಗಳಿಗೊಮ್ಮೆ ಬರುತ್ತದೆ. ಯೂನಿಯನ್ ಸೇರೋಣ ಎಂದರೆ ಅದು ಖಾಯಂ ಅಧ್ಯಾಪಕರದ್ದು ಅನ್ನುತ್ತಾರೆ. ಒಬ್ಬನೇ ಅರ್ಜಿ ಹಾಕಲು ಹೆದರಿಕೆ. ಮಲಯಾಳಂನಲ್ಲಿ ಬರೆಯಲೂ ಸರಿಯಾಗಿ ಬರುವುದಿಲ್ಲ.

ಉತ್ತರ: ಸರ್, ಕೊನೆಯ ಮಾತಿನಿಂದಲೇ ಶುರು ಮಾಡುತ್ತೇನೆ. ಕನ್ನಡದಲ್ಲೇ ಬರೆಯಿರಿ. 1969ರ ಕೇರಳ ಅಧಿಕೃತ ಭಾಷಾ ಕಾಯ್ದೆಯ ಪ್ರಕಾರ ಇಲ್ಲಿನ ಕನ್ನಡಿಗರು ಸರಕಾರಕ್ಕೆ, ಇಲಾಖೆಯ ಮುಖ್ಯಸ್ಥರಿಗೆ ಕನ್ನಡದಲ್ಲಿ ಬರೆಯಬಹುದು. ಉತ್ತರವೂ ಕನ್ನಡದಲ್ಲೇ ಬರಬೇಕು. ಸಂವಿಧಾನದ 350ನೇ ವಿಧಿಯೂ ಅಹವಾಲನ್ನು ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಕೊಡಬಹುದು ಎನ್ನುತ್ತದೆ. ಈ ಹಕ್ಕು ನಮ್ಮ ಹಿರಿಯರಿಗೆ ಸುಮ್ನೆ ಸಿಕ್ಕಿದ್ದಲ್ಲ. ಬಳಸದೆ ಬಿಟ್ಟರೆ ಕಾಗದದ ಮೇಲೇ ಉಳಿಯುತ್ತದೆ. ನಿಮ್ಮ ಹೆಸರು ರಿಜಿಸ್ಟರ್ ಆಗಿರುವುದು ಕೋಝಿಕ್ಕೋಡಿನ ಕಾಲೇಜು ಶಿಕ್ಷಣ ಉಪನಿರ್ದೇಶಕರ ಕಚೇರಿಯಲ್ಲಿ. ಒಂದು ಪ್ರತಿ ಅಲ್ಲಿಗೂ ಹೋಗಲಿ.

ಸಂಬಳದ ಬಿಲ್ಲು ಎಲ್ಲಿ ನಿಂತಿದೆ ಎಂದು ತಿಳಿಯಲು ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಹತ್ತು ರೂಪಾಯಿ ಶುಲ್ಕ, 30 ದಿನದಲ್ಲಿ ಉತ್ತರ. ‘ನನ್ನ ಸಂಬಳ ಯಾಕೆ ಬಂದಿಲ್ಲ’ ಎಂದು ಕೇಳಬೇಡಿ. ‘ಇಂಥ ತಿಂಗಳಿನ ಗೆಸ್ಟ್ ಬಿಲ್ಲು ಕಾಲೇಜಿನಿಂದ ಯಾವ ತಾರೀಕಿಗೆ ಹೋಯಿತು, ಈಗ ಯಾವ ಸೆಕ್ಷನಿನಲ್ಲಿದೆ’ ಎಂದು ಕೇಳಿ. ತಾರೀಕು ಕೇಳಿದರೆ ಫೈಲು ಅಲುಗಾಡುತ್ತದೆ. ಇದು ನನ್ನ ಅನುಭವದ ಮಾತು.

ಯೂನಿಯನ್ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು. ಕೇರಳದಲ್ಲಿ ಸರಕಾರಿ ಕಾಲೇಜಿನವರಿಗೆ ಎಕೆಜಿಸಿಟಿ, ಖಾಸಗಿ ಕಾಲೇಜಿನವರಿಗೆ ಎಕೆಪಿಸಿಟಿಎ ಅಂತ ಹಳೆಯ, ಗಟ್ಟಿ ಸಂಘಟನೆಗಳಿವೆ. ಬೇರೆಯೂ ಇವೆ. ಸದಸ್ಯತ್ವ ಕೊಡದಿದ್ದರೂ ನಿಮ್ಮ ಬೇಡಿಕೆಯನ್ನು ಅವರ ಪಟ್ಟಿಗೆ ಸೇರಿಸಿ ಎಂದು ಯೂನಿಟ್ ಸೆಕ್ರೆಟರಿಯನ್ನು ಕೇಳಿ. ನೀವು ಇಲ್ಲದ ದಿನ ಆ ಪೀರಿಯಡ್ ಯಾರ ತಲೆಗೆ ಬೀಳುತ್ತದೆ ಎಂದು ಅವರಿಗೆ ಚೆನ್ನಾಗಿ ಗೊತ್ತು. ಎದುರಾಳಿಗಳೆಂದು ಭಾವಿಸಿ ದೂರ ನಿಲ್ಲಬೇಡಿ.

ಜೊತೆಗೆ ನಿಮ್ಮದೇ ಒಂದು ಸಂಘ ಮಾಡಿ. ಏಳು ಜನ ಸಾಕು. ಮಲಬಾರ್ ಭಾಗಕ್ಕೆ 1860ರ ಸಂಘಗಳ ನೋಂದಣಿ ಕಾಯ್ದೆ ಅನ್ವಯಿಸುತ್ತದೆ, ಕಾಸರಗೋಡೂ ಅದರಲ್ಲಿ ಸೇರಿದೆ. ಕುಂಬಳೆಯಿಂದ ಇಬ್ಬರು, ಮಂಜೇಶ್ವರದಿಂದ ಇಬ್ಬರು, ವಿದ್ಯಾನಗರದಿಂದ ಮೂವರು ಸಿಗುವುದಿಲ್ಲವೇ? ಅರ್ಜಿಗೆ ಸಂಘದ ಸೀಲು ಬಿದ್ದರೆ ಯಾರೊಬ್ಬರ ಮೇಲೂ ಕಣ್ಣು ಬೀಳುವುದಿಲ್ಲ. ನಿಮ್ಮ ಹೆದರಿಕೆ ಸುಳ್ಳಲ್ಲ, ಮುಂದಿನ ಜೂನ್‌ನ ಇಂಟರ್‌ವ್ಯೂ ಎಲ್ಲರ ಕಣ್ಣ ಮುಂದೆಯೂ ಇರುತ್ತದೆ. ಅದಕ್ಕೇ ಒಟ್ಟಿಗೆ ಹೋಗಿ ಎನ್ನುತ್ತಿದ್ದೇನೆ.

ಒಂದು ಎಚ್ಚರಿಕೆ. ಟೀಚರು ‘ಕಾರ್ಮಿಕ’ ಅಲ್ಲ ಎಂದು 1988ರಲ್ಲಿ ಸುಪ್ರೀಂ ಕೋರ್ಟು ಗೋವಾದ ಶಾಲಾ ಟೀಚರೊಬ್ಬರ ಕೇಸಿನಲ್ಲಿ ಹೇಳಿದೆ. ಇದನ್ನೇ ಹಿಡಿದು ‘ನಿಮಗೆ ಯಾವ ಲೇಬರ್ ಕಾನೂನೂ ಇಲ್ಲ’ ಎನ್ನುವವರಿದ್ದಾರೆ. ಅದು ತಪ್ಪು. ಆ ತೀರ್ಪು ಕೈಗಾರಿಕಾ ವಿವಾದದ ಕಾಯ್ದೆಗೆ ಸಂಬಂಧಿಸಿದ್ದು. ಪಿ.ಎಫ್., ಇ.ಎಸ್.ಐ., ಹೆರಿಗೆ, ಗ್ರಾಚುಯಿಟಿಗೆ ಅದು ಅಡ್ಡ ಬರುವುದಿಲ್ಲ.

ಬೇಡಿಕೆ ಬರೆಯುವಾಗ ಎರಡು ಆಧಾರ ಸೇರಿಸಿ. ಒಂದು, ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) 2019ರ ಜನವರಿಯಲ್ಲಿ ಕೊಟ್ಟ ಮಾರ್ಗಸೂಚಿ: ಗೆಸ್ಟ್‌ಗೆ ಒಂದು ಕ್ಲಾಸಿಗೆ 1,500 ರೂಪಾಯಿ, ತಿಂಗಳಿಗೆ ಹೆಚ್ಚೆಂದರೆ 50,000. ಎರಡು, 2025ರ ಆಗಸ್ಟ್‌ನಲ್ಲಿ ಗುಜರಾತಿನ ಸರಕಾರಿ ಎಂಜಿನಿಯರಿಂಗ್ ಕಾಲೇಜುಗಳ ಕರಾರು ಅಧ್ಯಾಪಕರ ಕೇಸಿನಲ್ಲಿ ಬಂದ ತೀರ್ಪು. ಒಂದೇ ಕೆಲಸ ಮಾಡುವವರಿಗೆ ಖಾಯಂ ಹುದ್ದೆಯ ವೇತನ ಶ್ರೇಣಿಯ ಆರಂಭದ ಸಂಬಳವನ್ನಾದರೂ ಕೊಡಬೇಕು ಎಂದಿತು ಸುಪ್ರೀಂ ಕೋರ್ಟು. ಸಭೆಯಲ್ಲಿ ‘ಗುರುರ್ಬ್ರಹ್ಮ’ ಹೇಳಿದರೆ ಸಾಲದು, ಅಧ್ಯಾಪಕರನ್ನು ನಡೆಸಿಕೊಳ್ಳುವ ರೀತಿಯಲ್ಲೂ ಅದು ಕಾಣಬೇಕು ಎಂಬ ಅರ್ಥದ ಮಾತನ್ನೂ ನ್ಯಾಯಮೂರ್ತಿಗಳು ಬರೆದರು. ಅದನ್ನು ಓದಿದ ದಿನ ನನಗೆ ಕಣ್ಣು ತುಂಬಿ ಬಂತು.

ಪ್ರಶ್ನೆ: ಮನೆ ಪೆರ್ಲ. ಮೂರು ವರ್ಷ ಮಂಗಳೂರಿನ ಕಾಲೇಜಿನಲ್ಲಿ ಪಾರ್ಟ್ ಟೈಮ್ ಇದ್ದೆ, ಪಿ.ಎಫ್. ಇತ್ತು. ಈಗ ಕಾಸರಗೋಡಿನ ಕಾಲೇಜಿಗೆ ಸೇರುತ್ತಿದ್ದೇನೆ. ರಾಜ್ಯ ಬದಲಾದ್ದರಿಂದ ಹಳೆಯ ದುಡ್ಡು ತೆಗೆದುಬಿಡಲೇ?

ಉತ್ತರ: ಬೇಡ. ಪಿ.ಎಫ್. ಖಾತೆಯ ನಿಮ್ಮ ಯು.ಎ.ಎನ್. ನಂಬರ್ ದೇಶಕ್ಕೆಲ್ಲ ಒಂದೇ, ತಲಪಾಡಿ ಗಡಿ ದಾಟಿದರೆ ಬದಲಾಗುವುದಿಲ್ಲ. ಹೊಸ ಕಾಲೇಜಿಗೆ ಅದೇ ನಂಬರ್ ಕೊಡಿ, ಹೊಸದು ಮಾಡಿಸಬೇಡಿ. ಪಿಂಚಣಿಗೆ ಒಟ್ಟು ಹತ್ತು ವರ್ಷ ಬೇಕು. ದುಡ್ಡು ತೆಗೆಯದಿದ್ದರೆ ಮಂಗಳೂರಿನ ಮೂರೂ ವರ್ಷ ಅದಕ್ಕೆ ಸೇರುತ್ತದೆ. ಇ.ಎಸ್.ಐ.ಗೆ ಹೆಸರು ಸೇರಿಸುವಾಗ ಮನೆಗೆ ಹತ್ತಿರದ ಡಿಸ್ಪೆನ್ಸರಿ ಆರಿಸಿಕೊಳ್ಳಿ. ಮಂಗಳೂರಿನವರಿಂದ ಅನುಭವ ಪತ್ರ ತೆಗೆದುಕೊಂಡಿರಾ? ಇಲ್ಲದಿದ್ದರೆ ಈ ವಾರ ಹೋಗಿ ತನ್ನಿ. ಸೇರಿದ ತಾರೀಕು, ಬಿಟ್ಟ ತಾರೀಕು, ವಾರಕ್ಕೆ ಎಷ್ಟು ಗಂಟೆ, ಎಷ್ಟು ಸಂಬಳ, ಇಷ್ಟೂ ಅದರಲ್ಲಿ ಇರಬೇಕು.