ಕಸೂತಿಯ ತಲೆನೋವಿಗೆ ದಿನಕ್ಕೊಂದು ಮಾತ್ರೆ ಬೇಡ

ಚಂದ್ರಕಾಳಿ ಎಂಬ ಕಪ್ಪು ಸೀರೆಗೆ ಕಸೂತಿಯ ಗೋಪುರದ ಚಿತ್ತಾರ ಹಾಕಲು ಕುಳಿತ ದಿನವೆಲ್ಲ ಸಂಜೆಗೆ ಹಣೆಯ ಸುತ್ತ ಪಟ್ಟಿ ಬಿಗಿದಂತೆ ನೋಯುತ್ತದೆ, ಸ್ಯಾರಿಡಾನ್ ನುಂಗಿ ಮತ್ತೆ ಸೂಜಿ ಹಿಡಿಯುತ್ತೇನೆ ಎಂದು ಬರೆದಿದ್ದೀರಿ. ನಾನೂ ಅದೇ ದಾರಿ ಹಿಡಿದಿದ್ದರಿಂದ ಸ್ವಲ್ಪ ಗದರಿಸಿಯೇ ಹೇಳುತ್ತೇನೆ. ಆ ಮಾತ್ರೆಯಲ್ಲಿ ಪ್ಯಾರಾಸಿಟಮಾಲ್ ಜೊತೆಗೆ ಪ್ರೊಪಿಫೆನಜೋನ್ ಎಂಬ ಇನ್ನೊಂದು ನೋವುನಿವಾರಕ ಮತ್ತು ಕೆಫೀನ್ ಇವೆ. ಇಂಥ ಮಿಶ್ರ ಮಾತ್ರೆಯನ್ನು ತಿಂಗಳಿಗೆ 10 ದಿನ, ಬರಿಯ ಪ್ಯಾರಾಸಿಟಮಾಲನ್ನಾದರೆ 15 ದಿನ ಅಥವಾ ಅದಕ್ಕಿಂತ ಹೆಚ್ಚು, ಹೀಗೆ 3 ತಿಂಗಳು ಮೀರಿ ನುಂಗಿದರೆ ಮಾತ್ರೆಯೇ ತಲೆನೋವನ್ನು ಸಾಕತೊಡಗಬಹುದು. ಆಗಲೇ ಆ ಹಂತ ತಲುಪಿದ್ದರೆ ವೈದ್ಯರನ್ನು ಕೇಳಿ ನಿಲ್ಲಿಸಿರಿ, ಏಕೆಂದರೆ ಬಿಟ್ಟ ಮೊದಲ ಕೆಲವು ದಿನ ನೋವು ಹೆಚ್ಚಬಹುದು.

ಮೊದಲು ಬದಲಾಗಬೇಕಾದದ್ದು ಕೂರುವ ರೀತಿ. ಅಚ್ಚು ಒತ್ತದೆ ಎಳೆ ಎಣಿಸಿಯೇ ಗವಂತಿ (ಹೋಗಿ ಮರಳಿ ಬರುವ ನೇರ ಹೊಲಿಗೆ), ಮುರಗಿ (ಮೆಟ್ಟಿಲಿನಂತೆ ಅಂಕುಡೊಂಕಾದ ಹೊಲಿಗೆ) ಹಾಕಬೇಕಾದ್ದರಿಂದ, ಕಪ್ಪು ಬಟ್ಟೆಯ ಎಳೆ ಕಾಣದೆ ಗದ್ದ ಎದೆಗೆ ತಾಗುವಷ್ಟು ಬಗ್ಗುತ್ತೇವೆ. ಕತ್ತು, ಭುಜಗಳ ಸ್ನಾಯುಗಳು ಗಂಟೆಗಟ್ಟಲೆ ಸೆಟೆದೇ ಇರುತ್ತವೆ. ತೊಡೆಯ ಮೇಲೆ ಬಿಳಿ ಪಂಚೆ ಹಾಸಿ ಅದರ ಮೇಲೆ ಸೀರೆ ಹರಡಿದರೆ ಎಳೆಗಳ ನಡುವಿನ ಸಂದು ಬೆಳ್ಳಗೆ ಕಾಣಿಸಿ ತಲೆ ತಾನಾಗಿಯೇ ಮೇಲೇಳುತ್ತದೆ. ಎರಡೂ ಮೊಣಕೈಗಳಿಗೆ ದಿಂಬು ಕೊಟ್ಟು ಕೆಲಸವನ್ನು ಎದೆಯ ಮಟ್ಟಕ್ಕೆ ತಂದುಕೊಳ್ಳಿರಿ. ಗಡಿಯಾರ ಬೇಕಿಲ್ಲ: ಗವಂತಿಯ ಸಾಲು ಹೋಗಿ ಮರಳಿ ಬಂದು ಮುಗಿದ ಕೂಡಲೇ ಸೂಜಿ ಚುಚ್ಚಿಟ್ಟು ಎದ್ದು, ಭುಜ ಹಿಂದಕ್ಕೆ ತಿರುಗಿಸಿ, ಗದ್ದವನ್ನು ನೇರ ಹಿಂದಕ್ಕೆ ಒತ್ತಿ, ಕಿಟಕಿಯಾಚೆ ದೂರ ನೋಡಿರಿ. ಸಾಲು ಬಹಳ ಉದ್ದವಾಗಿದ್ದರೆ ಮುಗಿಯುವ ತನಕ ಕಾಯದೆ ನಡುವೆಯೇ ಏಳುವುದು ಒಳ್ಳೆಯದು. ಕತ್ತನ್ನು ಲಟಲಟ ಮುರಿಸಿಕೊಳ್ಳುವ ಚಾಳಿ ಮಾತ್ರ ಬೇಡವೇ ಬೇಡ.

ರಾತ್ರಿ ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಟವೆಲನ್ನು ಕತ್ತಿನ ಮೇಲಿಡುವುದು ನನಗೆ ಹಿತ. ಅಮೃತಾಂಜನ ತಂಪೇನೋ ಕೊಡುತ್ತದೆ, ಆದರೆ ಬಗ್ಗಿದ ಕತ್ತನ್ನು ನೆಟ್ಟಗೆ ಮಾಡುವುದಿಲ್ಲ. ಹಟ ಹಿಡಿದು ಊಟ ತಪ್ಪಿಸಬೇಡಿರಿ. ಕಾಫಿಯನ್ನು ಒಮ್ಮೆಗೇ ಬಿಟ್ಟರೂ ತಲೆ ನೋಯುತ್ತದೆ, ಅದನ್ನು ಲೋಟ ಲೋಟವಾಗಿ ಇಳಿಸಿರಿ. 40 ದಾಟಿದ್ದರೆ ಕನ್ನಡಕದ ನಂಬರ್ ನೋಡಿಸಿಕೊಳ್ಳಿರಿ.

ಇದೆಲ್ಲ ಎರಡೂ ಕಡೆ ಬಿಗಿಯುವ, ನಡೆದಾಡಿದರೆ ಹೆಚ್ಚದ ನೋವಿಗೆ ಮಾತ್ರ ಅನ್ವಯಿಸುತ್ತದೆ. ಸಿಡಿಲಿನಂತೆ ಹಠಾತ್ತನೆ ಬಂದ ನೋವು, ಜ್ವರದೊಂದಿಗೆ ಕತ್ತು ಸೆಟೆಯುವುದು, ಮಾತು ತೊದಲುವುದು, ಕೈಕಾಲು ಸೋಲುವುದು, ತಲೆಗೆ ಪೆಟ್ಟು ಬಿದ್ದ ನಂತರದ ನೋವು, ಇವುಗಳಿಗೆ ನೇರ ಆಸ್ಪತ್ರೆಗೇ ಹೋಗಬೇಕು. 50ರ ನಂತರ ಹೊಸದಾಗಿ ಶುರುವಾದ ತಲೆನೋವನ್ನೂ ತಡಮಾಡದೆ ವೈದ್ಯರಿಗೆ ತೋರಿಸಬೇಕು. ಉಳಿದಂತೆ, ನೋವು ಬಂದ ದಿನ ಮತ್ತು ನುಂಗಿದ ಮಾತ್ರೆಯನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕುತ್ತಾ ಬಂದರೆ ವೈದ್ಯರ ಮುಂದೆ ಅಂದಾಜಿನ ಲೆಕ್ಕ ಒಪ್ಪಿಸುವುದು ತಪ್ಪುತ್ತದೆ.