ಆರು ತಿಂಗಳು ಡಿಟೆಕ್ಟರ್ ಲ್ಯಾಬ್‌ನಲ್ಲಿ ಕೂತರೆ ನನ್ನ ಗ್ಯಾಲಕ್ಸಿ ಪಿಎಚ್‌ಡಿ ಹಾಳಾಗುತ್ತಾ?

"ನಾನು ಬಂದಿದ್ದು ದೂರದ ಗ್ಯಾಲಕ್ಸಿಗಳಿಗಾಗಿ, ಗೈಡ್ ನೋಡಿದರೆ ಪ್ಲಂಬಿಂಗ್ ಕೆಲಸಕ್ಕೆ ಹಾಕುತ್ತಿದ್ದಾರೆ, ತಪ್ಪಿಸಿಕೊಳ್ಳೋದು ಹೇಗೆ" ಅಂತ ಕೇಳಿದ್ದೀರಲ್ಲ, ಓದಿ ನಗು ಬಂತು. ಎರಡನೇ ವರ್ಷದಲ್ಲಿ ನಾನೂ ಡಿಟೆಕ್ಟರ್ (ಟೆಲಿಸ್ಕೋಪ್ ತಂದ ಬೆಳಕನ್ನು ಹಿಡಿಯುವ ಚಿಪ್) ಪರೀಕ್ಷಿಸುವ ಲ್ಯಾಬ್ ಕೆಲಸವನ್ನು ಪ್ಲಂಬಿಂಗ್ ಅಂತಲೇ ಕರೆಯುತ್ತಿದ್ದೆ. ನನ್ನ ಗೈಡ್ ಮೆತ್ತಗಿನ ಮನುಷ್ಯ. ಎರಡು ಸಲ ಹೇಳಿ ಸುಮ್ಮನಾದರು. ನಾನು ತಪ್ಪಿಸಿಕೊಂಡೆ. ಅದರಿಂದ ಒಂದು ಪೇಪರ್, ಒಂದೂಕಾಲು ವರ್ಷ ಮತ್ತು ಒಂದು ಗ್ಯಾಲಕ್ಸಿ ಕಳೆದುಕೊಂಡೆ.

ಗ್ಯಾಲಕ್ಸಿ ಅಂತ ಸುಮ್ನೆ ಹೇಳಿದೆ. ನಾನು ಹಿಡಿದದ್ದು ಗ್ಯಾಲಕ್ಸಿ ಆಗಿರಲೇ ಇಲ್ಲ.

ಆಗ ನನಗೆ ಒಂದೇ ಹುಚ್ಚು: ರೆಡ್‌ಶಿಫ್ಟ್ (ಬೆಳಕು ದಾರಿಯಲ್ಲಿ ಎಷ್ಟು ಹಿಗ್ಗಿದೆ ಅನ್ನೋ ಅಳತೆ, ಜಾಸ್ತಿ ಆದಷ್ಟೂ ದೂರ) 7 ದಾಟಿದ್ದನ್ನು ಹಿಡಿಯಬೇಕು. ಅಷ್ಟು ದೂರದ ಗ್ಯಾಲಕ್ಸಿಯ ಹೈಡ್ರೋಜನ್ ಬಿಡುವ ಲೈಮನ್-ಆಲ್ಫಾ ಬೆಳಕು ಹೊರಡುವಾಗ 121.6 ನ್ಯಾನೋಮೀಟರ್, ನೇರಳಾತೀತ. ದಾರಿಯುದ್ದಕ್ಕೂ ವಿಶ್ವ ಹಿಗ್ಗಿದ ಹಾಗೆ ಅದೂ ಹಿಗ್ಗುತ್ತಾ, ನಮ್ಮ ಹತ್ತಿರ ಬರುವಾಗ ಅವಕೆಂಪಾಗಿರುತ್ತೆ. ನೆಲದ ಮೇಲಿನ ಟೆಲಿಸ್ಕೋಪ್‌ನಲ್ಲಿ ಕೂತವರಿಗೆ ಸ್ಪೆಕ್ಟ್ರಮ್‌ನಲ್ಲಿ, ಅಂದರೆ ಬಣ್ಣವಾರು ಬಿಡಿಸಿದ ಬೆಳಕಿನಲ್ಲಿ, ಹೆಚ್ಚಾಗಿ ಸಿಗೋದು ಆ ಒಂದೇ ಗೆರೆ, ಅದೂ ಸಿಕ್ಕರೆ. ಅದರ ಸುತ್ತ ನಮ್ಮ ವಾತಾವರಣದ ಹೈಡ್ರಾಕ್ಸಿಲ್ (ಆಕ್ಸಿಜನ್-ಹೈಡ್ರೋಜನ್ ಜೋಡಿ) ಬೇಲಿ ಹಾಕಿದ ಹಾಗೆ ಹೊಳೆಯುತ್ತಿರುತ್ತೆ.

ಒಂದು ದೊಡ್ಡ ಟೆಲಿಸ್ಕೋಪ್‌ನಲ್ಲಿ ಎರಡು ರಾತ್ರಿ ಸಿಕ್ಕವು. ಮೊದಲನೆಯದು ಮೋಡಕ್ಕೆ ಹೋಯಿತು. ಎರಡನೇ ರಾತ್ರಿಯ ಮೂರು ನಿಮಿಷದ 48 ಫ್ರೇಮ್‌ಗಳನ್ನು ಪೈಪ್‌ಲೈನ್‌ಗೆ, ಅಂದರೆ ಫ್ರೇಮ್‌ಗಳನ್ನು ತಾನೇ ಕಳೆದು ಸೇರಿಸುವ ಸಾಫ್ಟ್‌ವೇರ್‌ಗೆ, ಕೊಟ್ಟೆ. ಹೊರಗೆ ಬಂದ ಚಿತ್ರದಲ್ಲಿ, ಗ್ಯಾಲಕ್ಸಿ ಇರಬೇಕಾದ ಸಾಲಿನಲ್ಲೇ, 1.05 ಮೈಕ್ರಾನ್ ಹತ್ತಿರ ಒಂದು ಬಿಳಿ ಚುಕ್ಕೆ. ಲೆಕ್ಕ ಹಾಕಿದರೆ ರೆಡ್‌ಶಿಫ್ಟ್ 7.6. ವಿಶ್ವಕ್ಕೆ ಇನ್ನೂ 70 ಕೋಟಿ ವರ್ಷ ತುಂಬಿರದ ಕಾಲ. ಆ ರಾತ್ರಿ ನಿದ್ದೆ ಬರಲಿಲ್ಲ, ಬಿಡಿ.

ಈಗ ತಪ್ಪಿನ ಕಥೆ. ಸ್ವಲ್ಪ ಉದ್ದ ಆಗುತ್ತೆ, ಸಹಿಸಿಕೊಳ್ಳಿ. ನಿಮ್ಮ ಪ್ರಶ್ನೆಗೆ ಉತ್ತರ ಇರೋದು ಇದರಲ್ಲೇ.

ಇಂಥ ಗ್ಯಾಲಕ್ಸಿ ಟೆಲಿಸ್ಕೋಪ್ ತಿರುಗಿಸಿದ ತಕ್ಷಣ ಪರದೆಯ ಮೇಲೆ ಕಾಣಲ್ಲ. ಅದಕ್ಕೇ ಮೊದಲು ಪಕ್ಕದ ಒಂದು ಹೊಳೆಯುವ ನಕ್ಷತ್ರವನ್ನು ಸ್ಲಿಟ್ ಅನ್ನೋ ಸಣ್ಣ ಸೀಳಿನೊಳಗೆ ಕೂರಿಸುತ್ತೇವೆ. ಅಲ್ಲಿಂದ ಇಷ್ಟು ಆರ್ಕ್‌ಸೆಕೆಂಡ್ ಪೂರ್ವಕ್ಕೆ, ಇಷ್ಟು ಉತ್ತರಕ್ಕೆ ಅಂತ ಟೆಲಿಸ್ಕೋಪ್ ಸರಿಸುತ್ತೇವೆ. ಕಣ್ಣು ಕಟ್ಟಿಕೊಂಡು ಹೆಜ್ಜೆ ಎಣಿಸಿ ನಡೆದ ಹಾಗೆ. ಈಗ ನಕ್ಷತ್ರ ಇದ್ದ ಜಾಗದಲ್ಲೇ ಗ್ಯಾಲಕ್ಸಿ ಕೂತಿರುತ್ತೆ. ಅದೇ ಜಾಗ, ಅದೇ ಸಾಲು. ಇದನ್ನು ನೆನಪಿಟ್ಟುಕೊಳ್ಳಿ.

ನಾವು ಬಳಸಿದ ಸ್ಪೆಕ್ಟ್ರೋಗ್ರಾಫ್‌ನಲ್ಲಿ (ಬೆಳಕನ್ನು ಬಣ್ಣವಾರು ಬಿಡಿಸುವ ಉಪಕರಣ) ನಕ್ಷತ್ರದ ಚಿತ್ರ ತೆಗೆಯೋದಕ್ಕೂ ಸ್ಪೆಕ್ಟ್ರಮ್ ತೆಗೆಯೋದಕ್ಕೂ ಇದ್ದದ್ದು ಒಂದೇ ಡಿಟೆಕ್ಟರ್. ಬೆಳಕು ಬಿಡಿಸುವ ಗ್ರೇಟಿಂಗ್ ಜಾಗಕ್ಕೆ ಕನ್ನಡಿ ಬಂದರೆ ಚಿತ್ರ, ಗ್ರೇಟಿಂಗ್ ವಾಪಸ್ ಬಂದರೆ ಸ್ಪೆಕ್ಟ್ರಮ್. ಆ ರಾತ್ರಿ ಗಾಳಿ ಜಾಸ್ತಿ ಇತ್ತು, ನಕ್ಷತ್ರ ಸ್ಲಿಟ್‌ನಲ್ಲಿ ನಿಲ್ಲುತ್ತಲೇ ಇರಲಿಲ್ಲ. ಹೆಚ್ಚುಕಮ್ಮಿ ಇಪ್ಪತ್ತು ನಿಮಿಷ ಅದನ್ನು ಅಲ್ಲೇ ಇಟ್ಟುಕೊಂಡು ಒದ್ದಾಡಿದೆವು. ಪಿಕ್ಸೆಲ್‌ಗಳು ತುಂಬಿ ತುಳುಕಿದ್ದವು. ಅದು ಗೊತ್ತಿದ್ದೂ ತಲೆ ಕೆಡಿಸಿಕೊಳ್ಳಲಿಲ್ಲ. ಓದಿದ ಕೂಡಲೇ ಡಿಟೆಕ್ಟರ್ ಒರೆಸಿದ ಸ್ಲೇಟ್ ಆಗುತ್ತೆ ಅಂತ ನಂಬಿದ್ದೆ.

ಆಗಲ್ಲ. ಅವಕೆಂಪು ಡಿಟೆಕ್ಟರ್‌ಗಳು ಬಹುಪಾಲು ಮರ್ಕ್ಯುರಿ ಕ್ಯಾಡ್ಮಿಯಂ ಟೆಲ್ಯುರೈಡ್‌ನವು. ಆ ಹರಳಿನಲ್ಲಿ ಸಣ್ಣ ಸಣ್ಣ ದೋಷಗಳಿರುತ್ತವೆ. ಜೋರು ಬೆಳಕು ಬಿದ್ದಾಗ ಸ್ವಲ್ಪ ಚಾರ್ಜ್ ಅವುಗಳಲ್ಲಿ ಸಿಕ್ಕಿಹಾಕಿಕೊಳ್ಳುತ್ತೆ. ಆಮೇಲೆ ನಿಮಿಷಗಟ್ಟಲೆ, ಕೆಲವು ಸಲ ಗಂಟೆಗಟ್ಟಲೆ, ಒಂದೊಂದಾಗಿ ಹೊರಗೆ ಬರುತ್ತೆ. ಬಲ್ಬ್ ದಿಟ್ಟಿಸಿ ಕಣ್ಣು ಮುಚ್ಚಿದರೆ ಅದರ ಕಲೆ ಕಣ್ಣೊಳಗೇ ಉಳಿಯುತ್ತಲ್ಲ, ಹಾಗೆ. ಇದಕ್ಕೆ ಪರ್ಸಿಸ್ಟೆನ್ಸ್ ಅನ್ನುತ್ತಾರೆ. ಲ್ಯಾಬ್‌ನಲ್ಲಿ ಒಂದು ವಾರ ಕೂತ ಯಾರಿಗೂ ಇದು ಹೊಸದಲ್ಲ. ನನಗೆ ಹೆಸರು ಮಾತ್ರ ಗೊತ್ತಿತ್ತು.

ಆಕಾಶದ ಬೆಳಕು ಕಳೆಯಲು ಗ್ಯಾಲಕ್ಸಿಯನ್ನು ಸ್ಲಿಟ್‌ನ ಎ ಜಾಗದಲ್ಲಿಟ್ಟು ಒಂದು ಫ್ರೇಮ್, ಸ್ವಲ್ಪ ಸರಿಸಿ ಬಿ ಜಾಗದಲ್ಲಿ ಎರಡು, ಮತ್ತೆ ಎ ಜಾಗದಲ್ಲಿ ಒಂದು ತೆಗೆದು, ಒಂದರಿಂದ ಒಂದನ್ನು ಕಳೆಯುತ್ತೇವೆ. ಉಳಿಕೆ ಚಾರ್ಜ್ ಸ್ಥಿರವಾಗಿದ್ದರೆ ಹೀಗೆ ಕಳೆದಾಗ ಅದೂ ಮಾಯವಾಗುತ್ತೆ. ಆದರೆ ಅದು ಮೊದಲು ಬೇಗ, ಆಮೇಲೆ ನಿಧಾನವಾಗಿ ಇಳಿಯುತ್ತೆ. ಹಾಗಾಗಿ ಮೊದಮೊದಲ ಜೋಡಿಗಳಲ್ಲಿ ಶೇಷ ಉಳಿಯಿತು. ಸರಾಸರಿಯಲ್ಲಿ ಅದೇ ಚುಕ್ಕೆಯಾಯಿತು. ಕಚ್ಚಾ ಫ್ರೇಮ್‌ಗಳನ್ನು ಒಂದಾದಮೇಲೆ ಒಂದು ಪರದೆಯಲ್ಲಿ ಓಡಿಸಿದ್ದರೆ ಚುಕ್ಕೆ ಕರಗುತ್ತಾ ಹೋಗೋದು ಎರಡೇ ನಿಮಿಷದಲ್ಲಿ ಕಣ್ಣಿಗೆ ಬೀಳುತ್ತಿತ್ತು. 1,300 ಕೋಟಿ ವರ್ಷ ಹಳೆಯ ಬೆಳಕು ಅರ್ಧ ಗಂಟೆಯಲ್ಲಿ ಮಂಕಾಗಲ್ಲ ಅಲ್ವಾ? ನಾನು ಒಂದೇ ಒಂದು ಕಚ್ಚಾ ಫ್ರೇಮ್ ತೆರೆಯಲಿಲ್ಲ. ಪೈಪ್‌ಲೈನ್ ಇದ್ದ ಮೇಲೆ ಅದೆಲ್ಲ ಯಾಕೆ ಅಂದುಕೊಂಡೆ.

ಇನ್ನೂ ಒಂದು ಸುಳಿವಿತ್ತು. ಕಳೆದು ಸೇರಿಸಿದ ಚಿತ್ರದಲ್ಲಿ ನಿಜವಾದ ವಸ್ತುವಿನ ಎರಡೂ ಬದಿಗೆ ಒಂದೊಂದು ಕಪ್ಪು ನೆರಳಿರುತ್ತೆ, ಯಾಕೆಂದರೆ ಅದು ಎ, ಬಿ ಎರಡೂ ಕಡೆ ಇತ್ತು. ನಕ್ಷತ್ರದ ಉಳಿಕೆ ಎ ಜಾಗದಲ್ಲಿ ಮಾತ್ರ, ಹಾಗಾಗಿ ನನ್ನ ಚುಕ್ಕೆಗೆ ನೆರಳು ಒಂದೇ ಕಡೆ ಇತ್ತು. ಇನ್ನೊಂದು ಕಡೆ ಕೆಟ್ಟ ಪಿಕ್ಸೆಲ್ ಜಾಸ್ತಿ ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಡ್ರಾಫ್ಟ್‌ನಲ್ಲಿ ಹಾಗೇ ಬರೆದೆ ಕೂಡ.

ಆ ಡ್ರಾಫ್ಟ್ ತೋರಿಸಿ ಇನ್ನೊಂದು ಟೆಲಿಸ್ಕೋಪ್‌ನಲ್ಲಿ ಸಮಯ ಕೇಳಿದೆ. ಸಿಕ್ಕಿತು. ಐದು ಗಂಟೆ ನೋಡಿದರೂ ಏನೂ ಇಲ್ಲ. ನಾನು ಆ ಟೆಲಿಸ್ಕೋಪ್‌ನ ಉಪಕರಣವನ್ನು ಬೈದೆ. ಕೊನೆಗೆ ಮೊದಲ ವೀಕ್ಷಣಾಲಯದ ಉಪಕರಣ ಎಂಜಿನಿಯರ್ ಒಬ್ಬರಿಗೆ ಚಿತ್ರ ಕಳಿಸಿದೆ, ಹೊಗಳುತ್ತಾರೆ ಅಂತ. ಅವರು ಕೇಳಿದ್ದು ಒಂದೇ ಪ್ರಶ್ನೆ.

"ಚುಕ್ಕೆ ಎಷ್ಟನೇ ಕಾಲಮ್‌ನಲ್ಲಿದೆ?"

2048 ಕಾಲಮ್‌ನ ಡಿಟೆಕ್ಟರ್. ಚುಕ್ಕೆ ಸರಿಸುಮಾರು ನಡುಮಧ್ಯ. ಹೇಳಿದೆ.

"ಚಿತ್ರ ತೆಗೆಯುವಾಗ ಸ್ಲಿಟ್ ಬೀಳೋದೂ ಅಲ್ಲೇ ಅಲ್ವಾ?"

ಅಷ್ಟೇ. ನಾನು ಗ್ಯಾಲಕ್ಸಿ ಅಂದುಕೊಂಡದ್ದು ಸ್ಲಿಟ್‌ನಲ್ಲಿ ಕೂತಿದ್ದ ನಕ್ಷತ್ರ ಬಿಟ್ಟುಹೋದ ಕಲೆ. ಸಹಲೇಖಕರಿಗೆಲ್ಲ ಮೇಲ್ ಬರೆದು ಪೇಪರ್ ವಾಪಸ್ ತಗೊಂಡೆ.

ಇದು ಬರೀ ವಿದ್ಯಾರ್ಥಿಗಳ ಪಾಡು ಅಂದುಕೊಳ್ಳಬೇಡಿ. ಜಿಎನ್-ಝಡ್11 ಅನ್ನೋ ತುಂಬಾ ದೂರದ ಗ್ಯಾಲಕ್ಸಿಯ ಕಡೆಯಿಂದ ಒಂದು ಮಿಂಚು ಕಂಡಿತು, ಗಾಮಾ ಕಿರಣ ಸ್ಫೋಟದ್ದಿರಬಹುದು ಅಂತ 2020ರ ಕೊನೆಯಲ್ಲಿ ಪೇಪರ್ ಬಂತು. ಅದು 2017ರಲ್ಲಿ ಕೆಕ್ ಟೆಲಿಸ್ಕೋಪ್‌ನಲ್ಲಿ ತೆಗೆದ ಒಂದು ಫ್ರೇಮ್‌ನಲ್ಲಿತ್ತು. ಮುಂದಿನ ವರ್ಷ ಇನ್ನೊಂದು ಗುಂಪು ಲೆಕ್ಕ ಹಾಕಿ, ಆ ಹೊತ್ತಿಗೆ ಆ ಜಾಗದಲ್ಲಿ ಹಾದುಹೋದದ್ದು ರಷ್ಯಾದ ಪ್ರೋಟಾನ್ ರಾಕೆಟ್‌ನ ಬ್ರೀಝ್-ಎಂ ಅನ್ನೋ ಹಳೆಯ ಹಂತ ಎಂದಿತು. ಸಿಯರ್ಸ್-93316 ಅನ್ನೋ ಗ್ಯಾಲಕ್ಸಿಯದ್ದು ಬೇರೆ ಥರ. 2022ರಲ್ಲಿ ಅದರ ರೆಡ್‌ಶಿಫ್ಟ್ 16ರ ಆಸುಪಾಸು ಅಂತ ಚಿತ್ರಗಳಿಂದ ಅಂದಾಜಾಗಿತ್ತು. ಸ್ಪೆಕ್ಟ್ರಮ್ ತೆಗೆದರೆ 4.9. ಜೋರಾದ ಆಕ್ಸಿಜನ್, ಹೈಡ್ರೋಜನ್ ಗೆರೆಗಳು ಸರಿಯಾಗಿ ಫಿಲ್ಟರ್‌ಗಳೊಳಗೇ ಬಿದ್ದು ಬೇರೆ ವೇಷ ಹಾಕಿಸಿದ್ದವು.

ಈಗ ನಿಮ್ಮ ಇನ್ನೊಂದು ವಾದ: "ಜೇಮ್ಸ್ ವೆಬ್ ಡೇಟಾ ಸಿದ್ಧವಾಗಿಯೇ ಸಿಗುತ್ತೆ, ಉಪಕರಣ ಗೊತ್ತಿದ್ದು ಏನಾಗಬೇಕು?" ಇದನ್ನು ನಾನು ಒಪ್ಪಲ್ಲ. ವೆಬ್ ಬಾಹ್ಯಾಕಾಶ ಟೆಲಿಸ್ಕೋಪ್‌ನ ಕ್ಯಾಮೆರಾ ನಿಯರ್‌ಕ್ಯಾಮ್‌ನ ಚಿತ್ರಗಳಲ್ಲಿ ವಿಸ್ಪ್, ಕ್ಲಾ, ಸ್ನೋಬಾಲ್ ಅಂತೆಲ್ಲ ಹೆಸರಿನ ಕಲೆಗಳಿವೆ. ಮೊದಲೆರಡು ಅಡ್ಡದಾರಿ ಹಿಡಿದ ಬೆಳಕು, ಮೂರನೆಯದು ಕಾಸ್ಮಿಕ್ ಕಿರಣದ ದೊಡ್ಡ ಪೆಟ್ಟು. ಅದರ ಸ್ಪೆಕ್ಟ್ರೋಗ್ರಾಫ್ ನಿಯರ್‌ಸ್ಪೆಕ್‌ನಲ್ಲಿ ಸುಮಾರು ಎರಡೂವರೆ ಲಕ್ಷ ಪುಟಾಣಿ ಬಾಗಿಲುಗಳಿವೆ. ಕೆಲವು ತೆರೆಯೋದೇ ಇಲ್ಲ, ಕೆಲವು ಮುಚ್ಚೋದೇ ಇಲ್ಲ. ಮುಚ್ಚದ ಬಾಗಿಲಿನಿಂದ ಬೇರೆ ಯಾವುದೋ ವಸ್ತುವಿನ ಬೆಳಕು ನುಗ್ಗಿ ನಿಮ್ಮ ಗ್ಯಾಲಕ್ಸಿಯ ಸ್ಪೆಕ್ಟ್ರಮ್ ಮೇಲೆ ಕೂತರೆ, ಅದನ್ನು ಪತ್ತೆ ಹಚ್ಚೋದು ಗ್ಯಾಲಕ್ಸಿ ವಿಜ್ಞಾನವೋ ಪ್ಲಂಬಿಂಗೋ? ಎರಡೂ ಬೇರೆ ಬೇರೆ ಅಂತ ನೀವು ಹಾಕಿಕೊಂಡ ಗೆರೆಯೇ ನನಗೆ ಸರಿ ಕಾಣುತ್ತಿಲ್ಲ. ಎರಡರಲ್ಲಿ ಯಾವುದು ಒಳ್ಳೇದು ಅಂತ ತೂಗಿ ನೋಡಲು ಕೇಳಿದ್ದಿರಿ. ಕ್ಷಮಿಸಿ, ನನ್ನ ತಕ್ಕಡಿ ಆಗಲೇ ವಾಲಿದೆ.

ಹೋಗಿ. ಆದರೆ ಒಂದು ಎಚ್ಚರ. ಇನ್ನೂ ಕಾಗದದ ಮೇಲಿರುವ ಉಪಕರಣಕ್ಕೆ ಕೈ ಹಾಕಬೇಡಿ. ಹಬಲ್‌ನ ಉತ್ತರಾಧಿಕಾರಿಯ ಬಗ್ಗೆ 1989ರಲ್ಲೇ ಕಾರ್ಯಾಗಾರ ನಡೆದಿತ್ತು, ವೆಬ್ ಹಾರಿದ್ದು 2021ರ ಡಿಸೆಂಬರ್ 25ಕ್ಕೆ. ಪಿಎಚ್‌ಡಿ ಅಷ್ಟು ಕಾಯಲ್ಲ. ಡಿಟೆಕ್ಟರ್ ಕೈಗೆ ಬಂದಿದೆಯಾ, ಡಾರ್ಕ್ ಫ್ರೇಮ್ (ಬೆಳಕು ಬೀಳದಂತೆ ಮುಚ್ಚಿ ತೆಗೆಯುವ ಫ್ರೇಮ್) ತೆಗೆಯಲು ಬಿಡುತ್ತಾರಾ, ಉಪಕರಣದ ಪೇಪರ್‌ನಲ್ಲಿ ಹೆಸರು ಇರುತ್ತಾ, ಇಷ್ಟನ್ನು ಗೈಡ್ ಹತ್ತಿರ ಮೊದಲೇ ಕೇಳಿ. ಹೂಂ ಅಂದರೆ ಹೋಗಿ. ಬರೀ ಕೇಬಲ್ ಜೋಡಿಸಲು ಆರು ತಿಂಗಳು ಅಂದರೆ ನಾನೂ ನಿಮ್ಮ ಪರವೇ.

ಪೇಪರ್ ವಾಪಸ್ ತಗೊಂಡ ಮೇಲೆ ನಾನೇ ಹೋಗಿ ಲ್ಯಾಬ್‌ನಲ್ಲಿ ಜಾಗ ಕೇಳಿದೆ. ಡಿಟೆಕ್ಟರ್ ಮೈನಸ್ 190 ಡಿಗ್ರಿಯ ಆಸುಪಾಸಿನಲ್ಲಿ, ಉಕ್ಕಿನ ಡಬ್ಬದೊಳಗೆ ಕೂತಿತ್ತು. ಎದುರಿಗೆ ಸೂಜಿಮೊನೆಯಷ್ಟು ತೂತಿನ ಹಿಂದೆ ಒಂದು ಲ್ಯಾಂಪ್. ಇಪ್ಪತ್ತು ನಿಮಿಷ ಹಚ್ಚಿ ಆರಿಸಿದೆವು. ಶಟರ್ ಮುಚ್ಚಿ ಕತ್ತಲೆಯಲ್ಲಿ ಮೂರು ಮೂರು ನಿಮಿಷದ ಫ್ರೇಮ್ ತೆಗೆಯುತ್ತಾ ಹೋದೆ. ಮೊದಲ ಫ್ರೇಮ್‌ನಲ್ಲೇ ಬಂತು, ದುಂಡಗೆ, ಅಂಚು ಸ್ವಲ್ಪ ಮಸುಕಾಗಿ. ಡ್ರಾಫ್ಟ್‌ನ ಎರಡನೇ ಚಿತ್ರದಲ್ಲಿದ್ದ ಹಾಗೇ. ಹತ್ತನೇ ಫ್ರೇಮ್‌ನಲ್ಲೂ ಇತ್ತು. ನೀವು ಲ್ಯಾಬ್‌ಗೆ ಹೋದ ಮೊದಲ ವಾರವೇ ಇದೊಂದನ್ನು ಮಾಡಿಸಿ ನೋಡಿ. ಲ್ಯಾಂಪ್ ಆರಿಸೋದು ನೀವೇ ಆಗಿರಲಿ.