ಮೊದಲ ಆಪರೇಷನ್ ಆಯ್ತು, ಎರಡನೆಯದು ಯಾವಾಗ?

ಪ್ರಶ್ನೆ: ಡಾಕ್ಟ್ರೇ, ನನಗೆ 38 ವರ್ಷ. ದಾವಣಗೆರೆಯಲ್ಲಿ ಬಟ್ಟೆ ಅಂಗಡಿ ಇದೆ. ಎತ್ತರ 168 ಸೆಂ.ಮೀ. ತೂಕ 176 ಕೆ.ಜಿ. ಇತ್ತು. ಶುಗರ್, ಬಿಪಿ, ರಾತ್ರಿ ಮೂಗಿಗೆ ಮಾಸ್ಕ್ ಹಾಕಿಕೊಂಡು ಮಲಗುವುದು, ಎಲ್ಲ ಇತ್ತು. 11 ತಿಂಗಳ ಹಿಂದೆ ಬೆಂಗಳೂರಿನಲ್ಲಿ ತೂಕ ಇಳಿಸಲು ಜಠರ ಚಿಕ್ಕದು ಮಾಡುವ ಸ್ಲೀವ್ ಆಪರೇಷನ್ ಮಾಡಿದರು. ‘ಇದು ಮೊದಲ ಹಂತ, ಎರಡನೆಯದನ್ನು ಆಮೇಲೆ ನೋಡೋಣ’ ಅಂದಿದ್ದರು. ಈಗ 124 ಕೆ.ಜಿ.ಗೆ ಬಂದಿದ್ದೇನೆ. ಆದರೆ ಎರಡು ತಿಂಗಳಿಂದ ತೂಕ ಅಲ್ಲೇ ನಿಂತಿದೆ. ಈಗಲೇ ಎರಡನೆಯದನ್ನೂ ಮುಗಿಸಿಬಿಡಿ ಅಂದರೆ ಇನ್ನೂ ಆರು ತಿಂಗಳು ಕಾಯಿರಿ ಅನ್ನುತ್ತಾರೆ. ಮನೆಯಲ್ಲಿ ‘ಅರ್ಧಂಬರ್ಧ ಮಾಡಿ ಕಳಿಸಿದ್ದಾರೆ’ ಅಂತ ದಿನಾ ಮಾತು. ಒಂದೇ ಸಲಕ್ಕೆ ಯಾಕೆ ಮಾಡಲಿಲ್ಲ? ಸುಮ್ನೆ ಕಾಯುವುದರಿಂದ ಏನು ಲಾಭ? ಜೋತುಬಿದ್ದ ಚರ್ಮ ತೆಗೆಯುವುದೂ ಎರಡನೇ ಹಂತದಲ್ಲೇ ಬರುತ್ತದಾ?
– ಹೆಸರು ಬೇಡ, ದಾವಣಗೆರೆ

ಉತ್ತರ: ಚರ್ಮದ ವಿಷಯ ಮೊದಲು ಮುಗಿಸೋಣ. ಅದು ಬೇರೆಯದೇ ಆಪರೇಷನ್, ಪ್ಲಾಸ್ಟಿಕ್ ಸರ್ಜನ್ ಮಾಡುವುದು. ತೂಕ ಇಳಿಯುವುದೆಲ್ಲ ಮುಗಿದು, ಕೆಲವು ತಿಂಗಳು ಒಂದೇ ಕಡೆ ನಿಂತ ಮೇಲೆ ಅದರ ಯೋಚನೆ. ಈಗ ತೆಗೆಸಿದರೆ ಮತ್ತೆ ಇಳಿದಾಗ ಮತ್ತೆ ಜೋತುಬೀಳುತ್ತದೆ.

ಇನ್ನು ನಿಮ್ಮ ತೂಕ. 176 ಇದ್ದಾಗ ನಿಮ್ಮ ಬಿಎಂಐ, ಅಂದರೆ ಎತ್ತರಕ್ಕೆ ತಕ್ಕಂತೆ ತೂಕ ಅಳೆಯುವ ಲೆಕ್ಕ, 62. ಈಗ 44. ನಿಮ್ಮ ಎತ್ತರಕ್ಕೆ 70 ಕೆ.ಜಿ. ಸಾಕು ಅಂತ ಇಟ್ಟುಕೊಂಡರೆ, ಜಾಸ್ತಿ ಇದ್ದದ್ದು 106 ಕೆ.ಜಿ. ಅದರಲ್ಲಿ 52 ಹೋಗಿದೆ, ಅಂದರೆ ಹತ್ತಿರ ಹತ್ತಿರ ಅರ್ಧ. ಸ್ಲೀವ್‌ನಿಂದ ನಾವು ನಿರೀಕ್ಷಿಸುವುದೇ ಇಷ್ಟು, ಇನ್ನೂ ಸ್ವಲ್ಪ ಮೇಲೆ. ಹಾಗಾಗಿ ‘ಅರ್ಧಂಬರ್ಧ’ ಅನ್ನುವವರಿಗೆ ಈ ಲೆಕ್ಕ ತೋರಿಸಿ. ಆಪರೇಷನ್ ತನ್ನ ಕೆಲಸ ಮಾಡಿದೆ.

ಒಂದೇ ಸಲಕ್ಕೆ ಯಾಕೆ ಮಾಡಲಿಲ್ಲ ಅಂದರೆ, ನಿಮ್ಮ ಜೀವದ ಮೇಲಿನ ಕಾಳಜಿಯಿಂದ. ಬಿಎಂಐ 60 ದಾಟಿದವರ ಹೊಟ್ಟೆಯೊಳಗೆ ಕ್ಯಾಮೆರಾ ಇಟ್ಟರೆ ಮೊದಲು ಕಾಣುವುದು ಕೊಬ್ಬು ತುಂಬಿ ಉಬ್ಬಿದ ಲಿವರ್. ಅದು ಜಠರದ ಮೇಲೆ ಹರಡಿಕೊಂಡಿರುತ್ತದೆ. ಎತ್ತಿ ಹಿಡಿದರೆ ಹರಿದು ರಕ್ತ ಬರುವ ಭಯ. ಹೊಟ್ಟೆಯ ಗೋಡೆ ಎಷ್ಟು ದಪ್ಪ ಅಂದರೆ ಉಪಕರಣವನ್ನು ತಿರುಗಿಸುವುದೇ ಕಷ್ಟ. ಕರುಳಿನ ಸುತ್ತಲೂ ಕೊಬ್ಬು, ಅದನ್ನು ಮೇಲಕ್ಕೆ ಎಳೆದರೆ ಬರುವುದಿಲ್ಲ. ಜೊತೆಗೆ ನಿದ್ದೆಯಲ್ಲಿ ಉಸಿರು ಕಟ್ಟುವವರಿಗೆ ಗಂಟೆಗಟ್ಟಲೆ ಅನಸ್ತೇಷಿಯಾ ಕೊಡುವುದು ಬೇರೆ. ಜಠರ ಕತ್ತರಿಸಿ, ಕರುಳನ್ನೂ ಕತ್ತರಿಸಿ ಜೋಡಿಸುವ ದೊಡ್ಡ ಆಪರೇಷನ್ ಅನ್ನು ಇಂಥವರಿಗೆ ಒಂದೇ ಸಲಕ್ಕೆ ಮಾಡಿದರೆ ತೊಂದರೆಗಳು ಜಾಸ್ತಿ.

2000ನೇ ಇಸವಿಯ ಆಸುಪಾಸಿನಲ್ಲಿ ನ್ಯೂಯಾರ್ಕ್‌ನಲ್ಲಿ ಡಾ. ಮಿಷೆಲ್ ಗ್ಯಾಗ್ನರ್ ಅವರ ತಂಡ ಇದನ್ನು ನೋಡಿಯೇ ಆಪರೇಷನ್ ಅನ್ನು ಎರಡು ಮಾಡಿತು. ಮೊದಲು ಜಠರದ ಮುಕ್ಕಾಲು ಭಾಗ ತೆಗೆದು, ಬಾಳೆಹಣ್ಣಿನಂಥ ಒಂದು ಕೊಳವೆ ಉಳಿಸುವುದು. ತೂಕ ಇಳಿದ ಮೇಲೆ ಕರುಳಿನ ಕೆಲಸ. ಆಮೇಲೆ ಆದದ್ದು ಸ್ವಾರಸ್ಯ. ಮೊದಲ ಹಂತ ಆದವರಲ್ಲಿ ಎಷ್ಟೋ ಜನರಿಗೆ ಅಷ್ಟರಲ್ಲೇ ಸಾಕಾಯ್ತು, ಎರಡನೆಯದು ಬೇಕಾಗಲೇ ಇಲ್ಲ. ಹಾಗೆ ಬರೀ ಮೊದಲ ಹಂತವಾಗಿ ಹುಟ್ಟಿದ ಸ್ಲೀವ್ ಇವತ್ತು ಪ್ರಪಂಚದಲ್ಲೇ ಅತಿ ಹೆಚ್ಚು ನಡೆಯುವ ತೂಕದ ಆಪರೇಷನ್.

ನಿಮ್ಮ ಸರ್ಜನ್ ಕಾಯಿರಿ ಅನ್ನುವುದಕ್ಕೆ ಒಂದು ಕಾರಣ ಇದೇ. ಸ್ಲೀವ್ ಆದ ಮೇಲೆ ತೂಕ 12ರಿಂದ 18 ತಿಂಗಳವರೆಗೂ ಇಳಿಯಬಹುದು. ನಡುವೆ ಒಂದೆರಡು ತಿಂಗಳು ನಿಲ್ಲುವುದು ತೀರಾ ಮಾಮೂಲು. ತೂಕ ಇಳಿದಂತೆ ದೇಹ ಖರ್ಚನ್ನೂ ಕಡಿಮೆ ಮಾಡಿಕೊಳ್ಳುತ್ತದೆ. 124 ಕೆ.ಜಿ. ದೇಹಕ್ಕೆ 176ರ ಖರ್ಚು ಇರುವುದಿಲ್ಲ, ಅಲ್ವಾ?

ಎರಡನೇ ಕಾರಣ ನನಗೆ ಇನ್ನೂ ಮುಖ್ಯ. ಎರಡನೆಯದು ಬೇಕಾ, ಬೇಕಾದರೆ ಯಾವುದು, ಅದನ್ನು ನೀವು ತಡೆದುಕೊಳ್ಳುತ್ತೀರಾ ಅನ್ನುವುದೆಲ್ಲ ಗೊತ್ತಾಗುವುದು ಈ ಕಾಯುವ ತಿಂಗಳುಗಳಲ್ಲೇ. ಎರಡನೇ ಹಂತ ಅಂದರೆ ಒಂದೇ ಆಪರೇಷನ್ ಅಲ್ಲ. ಡ್ಯುಯೋಡಿನಲ್ ಸ್ವಿಚ್ ಇದೆ. ಅದರದೇ ಸರಳ ರೂಪ, ಒಂದೇ ಜೋಡಣೆಯ ಸಾಡಿ ಇದೆ. ಜಠರವನ್ನು ಪುಟ್ಟ ಚೀಲ ಮಾಡಿ ಅದನ್ನು ನೇರ ಸಣ್ಣ ಕರುಳಿಗೆ ಜೋಡಿಸುವ ಗ್ಯಾಸ್ಟ್ರಿಕ್ ಬೈಪಾಸ್ ಇದೆ. ಮೊದಲೆರಡರಲ್ಲಿ ಈಗಿರುವ ಕೊಳವೆ ಹಾಗೇ ಇರುತ್ತದೆ, ಅದರ ಕೆಳಗೆ ಸಣ್ಣ ಕರುಳಿನ ಬಹುಭಾಗವನ್ನು ಬಿಟ್ಟು ಕೊನೆಯ ಭಾಗಕ್ಕೆ ಜೋಡಿಸುತ್ತಾರೆ. ತಿಂದದ್ದರಲ್ಲಿ, ಮುಖ್ಯವಾಗಿ ಕೊಬ್ಬಿನಲ್ಲಿ, ಸುಮಾರು ಭಾಗ ಮೈಗೆ ಹತ್ತದೆ ಹೊರಗೆ ಹೋಗುತ್ತದೆ. ತೂಕ ಇಳಿಸುವುದರಲ್ಲಿ, ಶುಗರ್ ಇಳಿಸುವುದರಲ್ಲಿ ಸ್ವಿಚ್‌ಗೆ ಸಮ ಇಲ್ಲ.

ಆದರೆ ಸ್ಲೀವ್ ಆದ ಮೇಲೆ ನಿಮಗೆ ಎದೆಯುರಿ ಶುರುವಾಗಿದೆಯಾ? ರಾತ್ರಿ ಹುಳಿ ನೀರು ಗಂಟಲಿಗೆ ಬರುತ್ತದಾ? ಹಾಗಿದ್ದರೆ ಕೊಳವೆಯನ್ನು ಹಾಗೇ ಬಿಡುವ ಸ್ವಿಚ್‌ನಿಂದ ಉರಿ ಕಡಿಮೆ ಆಗುವುದು ಅನುಮಾನ. ಅಂಥವರಿಗೆ ಬೈಪಾಸ್ ಒಳ್ಳೆಯದು. ಎಂಡೋಸ್ಕೋಪಿ ಮಾಡಿಸಿ ನೋಡಬೇಕು. ಪತ್ರದಲ್ಲಿ ನೀವು ಇದರ ಮಾತೇ ಎತ್ತಿಲ್ಲ. ಸರ್ಜನ್ ಹತ್ತಿರ ಮಾತ್ರ ಮರೆಯದೆ ಹೇಳಿ.

ಈಗ ಊಟಕ್ಕೆ ಬರೋಣ. ಬೆಂಗಳೂರಿನ ಡಯಟ್ ಚಾರ್ಟ್‌ನಲ್ಲಿ ಓಟ್ಸ್, ಸೂಪ್ ಅಂತ ಇರುತ್ತದೆ, ಸಂಜೆ ನಮ್ಮ ಊರಿನಲ್ಲಿ ಮಂಡಕ್ಕಿ ಮಿರ್ಚಿ ಇರುತ್ತದೆ. ಸ್ಲೀವ್ ಆದವರಿಗೆ ಮಂಡಕ್ಕಿ ದೊಡ್ಡ ಮೋಸ. ಹಗುರ, ಬೇಗ ಮೆತ್ತಗಾಗುತ್ತದೆ, ಕೊಳವೆಯಲ್ಲಿ ನಿಲ್ಲದೆ ಸರಾಗ ಇಳಿಯುತ್ತದೆ. ಹೊಟ್ಟೆ ತುಂಬಿತು ಅನ್ನಿಸುವುದೇ ಇಲ್ಲ. ಅಂಗಡಿಯಲ್ಲಿ ಗಿರಾಕಿ ಜೊತೆ ಕುಡಿಯುವ ಸಕ್ಕರೆ ಟೀ, ಅದರಲ್ಲಿ ಅದ್ದುವ ಬಿಸ್ಕತ್ತು, ಎಲ್ಲ ಇದೇ ಜಾತಿ. ಚಿಕನ್ ತುಂಡು, ಮೊಟ್ಟೆ, ಪನೀರ್, ಕಾಳುಪಲ್ಯ ಹಾಗಲ್ಲ. ಅವು ನಿಲ್ಲುತ್ತವೆ, ನಾಲ್ಕು ತುತ್ತಿಗೆ ಸಾಕೆನ್ನಿಸುತ್ತವೆ. ತೂಕ ನಿಂತಿದೆ ಅನ್ನುವವರಿಗೆ ನಾನು ಮೊದಲು ಕೇಳುವುದೇ ಒಂದು ವಾರ ತಿಂದದ್ದು, ಕುಡಿದದ್ದು ಎಲ್ಲ ಬರೆದುಕೊಂಡು ಬನ್ನಿ ಅಂತ. ಟೀ ಲೆಕ್ಕವನ್ನು ಯಾರೂ ಬರೆಯುವುದಿಲ್ಲ!

ಮುದ್ದೆ ತಿನ್ನಬಹುದಾ ಅಂತ ಚಿತ್ರದುರ್ಗದ ಕಡೆಯವರು ಕೇಳಿಯೇ ಕೇಳುತ್ತಾರೆ. ತಿನ್ನಬಹುದು, ಆದರೆ ಅಗಿದು. ‘ಮುದ್ದೆ ಅಗಿಯೋದಾ ಸಾರ್?’ ಅಂತ ನಗುತ್ತಾರೆ. ಹಿಂದಿನ ಜಠರಕ್ಕೆ ನುಂಗಿದ್ದು ನಡೆಯುತ್ತಿತ್ತು, ಈ ಕೊಳವೆಗೆ ನಡೆಯುವುದಿಲ್ಲ. ಮೊದಲು ಸಾರಿನಲ್ಲಿರುವ ಕಾಳು ಅಥವಾ ಮೊಟ್ಟೆ ತಿನ್ನಿ, ಆಮೇಲೆ ಜಾಗ ಇದ್ದರೆ ಚಿಕ್ಕ ಚಿಕ್ಕ ತುತ್ತು ಮುದ್ದೆ. ದಿನಕ್ಕೆ ಕಡಿಮೆ ಅಂದರೂ 60ರಿಂದ 80 ಗ್ರಾಂ ಪ್ರೋಟೀನ್ ಹೋಗಬೇಕು. ಒಂದು ಮೊಟ್ಟೆಯಲ್ಲಿ ಇರುವುದು 6 ಗ್ರಾಂ ಅಷ್ಟೇ, ಲೆಕ್ಕ ಹಾಕಿಕೊಳ್ಳಿ. ಊಟದ ಜೊತೆ ನೀರು ಬೇಡ, ಅರ್ಧ ಗಂಟೆ ಬಿಟ್ಟು ಕುಡಿಯಿರಿ. ಕುಂದವಾಡ ಕೆರೆ ಏರಿ ಮೇಲೆ ನಡೆಯುವುದು ಒಳ್ಳೆಯದೇ. ಜೊತೆಗೆ ಕುರ್ಚಿಯಿಂದ ಕೈ ಊರದೆ ಎದ್ದು ಕೂರುವಂಥ, ಸ್ನಾಯುವಿಗೆ ಕೆಲಸ ಕೊಡುವ ವ್ಯಾಯಾಮವೂ ಇರಲಿ. ಇಳಿದ ತೂಕದಲ್ಲಿ ಕೊಬ್ಬಿನ ಜೊತೆ ಸ್ನಾಯುವೂ ಹೋಗಿರುತ್ತದೆ.

ಕೊನೆಗೆ ಮಾತ್ರೆ. ನಾನಾದರೆ ಎರಡನೆಯದಕ್ಕೆ ಹೂಂ ಅನ್ನುವ ಮೊದಲು ನೋಡುವುದು ಇದನ್ನೇ. ಬಿ12, ಕಬ್ಬಿಣಾಂಶ, ಕ್ಯಾಲ್ಸಿಯಂ, ವಿಟಮಿನ್ ಡಿ ತಪ್ಪದೆ ತಗೊಳ್ಳುತ್ತಿದ್ದೀರಾ? ಕಬ್ಬಿಣದ ಮಾತ್ರೆ, ಕ್ಯಾಲ್ಸಿಯಂ ಮಾತ್ರೆ ಒಟ್ಟಿಗೆ ನುಂಗಬಾರದು, ನಡುವೆ ಎರಡು ಗಂಟೆ ಇರಲಿ. ಕಬ್ಬಿಣದ್ದನ್ನು ಟೀ ಜೊತೆ ಅಂತೂ ಬೇಡವೇ ಬೇಡ. ಹಿಮೋಗ್ಲೋಬಿನ್, ಫೆರಿಟಿನ್ (ಮೈಯಲ್ಲಿರುವ ಕಬ್ಬಿಣದ ದಾಸ್ತಾನು), ಬಿ12, ವಿಟಮಿನ್ ಡಿ, ಆಲ್ಬುಮಿನ್ (ರಕ್ತದ ಪ್ರೋಟೀನ್) ರಿಪೋರ್ಟ್ ಈಗ ಹೇಗಿವೆ? ಸ್ವಿಚ್ ಆದ ಮೇಲೆ ಕೊಬ್ಬಿನ ಜೊತೆ ಹೀರಿಕೊಳ್ಳಬೇಕಾದ ಎ, ಡಿ, ಇ, ಕೆ ವಿಟಮಿನ್‌ಗಳೂ ಕೈಬಿಡುತ್ತವೆ. ಎ ಕಡಿಮೆಯಾದರೆ ರಾತ್ರಿ ಕಣ್ಣು ಮಂಜಾಗುತ್ತದೆ, ಪ್ರೋಟೀನ್ ಕಡಿಮೆಯಾದರೆ ಕಾಲು ಊದಿಕೊಳ್ಳುತ್ತವೆ. ಮಾತ್ರೆ, ರಕ್ತಪರೀಕ್ಷೆ ಎರಡೂ ಜೀವನಪೂರ್ತಿ. ಒಂದು ಬೆಣ್ಣೆ ದೋಸೆ ತಿಂದರೂ ಮರುದಿನ ಎಣ್ಣೆ ತೇಲುವ, ಕೆಟ್ಟ ವಾಸನೆಯ ಭೇದಿ ಆಗಬಹುದು. ದಿನವಿಡೀ ಅಂಗಡಿಯಲ್ಲಿ ಕೂರುವವರು ನೀವು, ಇದನ್ನೂ ಯೋಚಿಸಿ. ಈಗ ವಾರಕ್ಕೆ ಮೂರು ದಿನ ಮಾತ್ರೆ ಮರೆಯುವವರಿಗೆ ಎರಡನೆಯದನ್ನು ಮಾಡಿಸಿ ಅಂತ ನಾನು ಹೇಳುವುದಿಲ್ಲ, ತೂಕ ಎಷ್ಟೇ ಇರಲಿ.

ಒಂದು ಎಚ್ಚರಿಕೆ. ದಿನಗಟ್ಟಲೆ ವಾಂತಿಯಾದರೆ ನಮ್ಮ ಕಡೆ ಹತ್ತಿರದ ಕ್ಲಿನಿಕ್‌ಗೆ ಹೋಗಿ ಗ್ಲೂಕೋಸ್ ಹಾಕಿಸಿಕೊಂಡು ಬರುವುದು ರೂಢಿ. ಈ ಆಪರೇಷನ್ ಆದವರಿಗೆ ಅದು ಅಪಾಯ. ವಾಂತಿಯಿಂದ ಬಿ1, ಅಂದರೆ ಥಯಮಿನ್, ಬೇಗ ಖಾಲಿಯಾಗಿರುತ್ತದೆ. ಆ ಸ್ಥಿತಿಯಲ್ಲಿ ಬರೀ ಗ್ಲೂಕೋಸ್ ಏರಿಸಿದರೆ ಮೆದುಳಿಗೇ ಪೆಟ್ಟು ಬೀಳಬಹುದು. ಒಂದು ವಸ್ತು ಎರಡಾಗಿ ಕಾಣುವುದು, ನಡೆಯುವಾಗ ತೂರಾಡುವುದು, ಮಾತು ಗೊಂದಲವಾಗುವುದು ಇದರ ಲಕ್ಷಣ. ‘ನನಗೆ ಸ್ಲೀವ್ ಆಗಿದೆ, ಮೊದಲು ಥಯಮಿನ್ ಕೊಡಿ’ ಅಂತ ಹೇಳಲು ಮನೆಯವರಿಗೂ ಕಲಿಸಿಡಿ. ಹಾಗೆಯೇ ಮಂಡಿನೋವಿಗೆ ಮೆಡಿಕಲ್ ಶಾಪ್‌ನಲ್ಲಿ ಕೇಳಿ ಡೈಕ್ಲೋಫೆನಾಕ್ ತರುವುದನ್ನು ಬಿಡಿ, ಪ್ಯಾರಾಸಿಟಮಾಲ್ ಸಾಕು. ಬಲಗಡೆ ಪಕ್ಕೆಲುಬಿನ ಕೆಳಗೆ ನೋವು ಬಂದರೆ ಸ್ಕ್ಯಾನ್ ಮಾಡಿಸಿ. ತೂಕ ಬೇಗ ಇಳಿದವರಿಗೆ ಪಿತ್ತಕೋಶದ ಕಲ್ಲು ಬರುವುದು ಜಾಸ್ತಿ.

ದುಡ್ಡಿನ ವಿಷಯ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ವಿಮಾ ನಿಯಂತ್ರಣ ಪ್ರಾಧಿಕಾರದ ನಿಯಮದಂತೆ ತೂಕದ ಆಪರೇಷನ್‌ಗೆ ಕ್ಲೇಮ್ ಸಿಗಬೇಕಾದರೆ ಬಿಎಂಐ 40 ಇರಬೇಕು. ಇಲ್ಲವೇ 35 ಇದ್ದು, ಹೃದಯದ ತೊಂದರೆ, ತೀವ್ರ ಸ್ಲೀಪ್ ಅಪ್ನಿಯಾ (ನಿದ್ದೆಯಲ್ಲಿ ಉಸಿರು ಕಟ್ಟುವುದು), ಹತೋಟಿಗೆ ಬಾರದ ಶುಗರ್ ಇಂಥದ್ದೇನಾದರೂ ಇರಬೇಕು. ಅಂದರೆ ಆರೋಗ್ಯ ಸುಧಾರಿಸಿದಷ್ಟೂ ಕ್ಲೇಮ್ ದೂರ! ವಿಚಿತ್ರ ಅನ್ನಿಸಿದರೂ ನಿಯಮ ಹಾಗಿದೆ. ಅದಕ್ಕೆ ಹೆದರಿ ಆತುರಪಡುವುದು ಬೇಡ. ಮೊದಲ ಡಿಸ್ಚಾರ್ಜ್ ಸಮರಿಯಲ್ಲಿ ‘ಎರಡು ಹಂತದ ಚಿಕಿತ್ಸೆಯ ಮೊದಲ ಹಂತ’ ಅಂತ ಬರೆದಿದ್ದಾರಾ ನೋಡಿ. ಇಲ್ಲದಿದ್ದರೆ ಸರ್ಜನ್ ಹತ್ತಿರ ಪತ್ರ ಬರೆಸಿಕೊಂಡು, ಎರಡನೆಯದಕ್ಕೆ ಕ್ಲೇಮ್ ಸಿಗುತ್ತದಾ ಅಂತ ಕಂಪನಿಯನ್ನು ಈಗಲೇ ಲಿಖಿತವಾಗಿ ಕೇಳಿ.

ಪ್ರಶ್ನೆ: ನನಗೆ 29 ವರ್ಷ. ಸ್ಲೀವ್ ಆಗಿ ಎಂಟು ತಿಂಗಳಾಯಿತು, ಮುಂದೆ ಎರಡನೆಯದೂ ಇದೆ ಅಂದಿದ್ದಾರೆ. ಪಿಸಿಓಡಿ ಇತ್ತು, ಈಗ ಮುಟ್ಟು ಸರಿಯಾಗಿ ಆಗುತ್ತಿದೆ. ಮಗು ಯಾವಾಗ ಅಂತ ಅತ್ತೆ ಕೇಳುತ್ತಿದ್ದಾರೆ. ಎರಡನೇ ಆಪರೇಷನ್ ಮುಗಿಸಿಕೊಂಡೇ ನೋಡಬೇಕಾ?
– ಓದುಗಿ, ಚಿತ್ರದುರ್ಗ

ಉತ್ತರ: ಈಗಲೇ ಬೇಡಮ್ಮ. ಆಪರೇಷನ್ ಆದ ಮೇಲೆ 12ರಿಂದ 18 ತಿಂಗಳು ಗರ್ಭ ನಿಲ್ಲದಂತೆ ನೋಡಿಕೊಳ್ಳಬೇಕು. ತೂಕ ಭರದಿಂದ ಇಳಿಯುವಾಗ ಮಗುವಿಗೆ ಪೋಷಣೆ ಸಾಲದು. ಮುಟ್ಟು ಸರಿಯಾಗಿದೆ ಅಂದರೆ ಗರ್ಭ ನಿಲ್ಲುವ ಸಾಧ್ಯತೆಯೂ ಜಾಸ್ತಿಯಾಗಿದೆ, ಅದನ್ನು ಬಹಳ ಜನ ಮರೆಯುತ್ತಾರೆ. ಕಾಪರ್ ಟಿ ಬಗ್ಗೆ ನಿಮ್ಮ ಡಾಕ್ಟರ್ ಹತ್ತಿರ ಮಾತಾಡಿ. ಕರುಳಿನ ಆಪರೇಷನ್ ಆದ ಮೇಲಂತೂ ಗರ್ಭನಿರೋಧಕ ಮಾತ್ರೆಯನ್ನು ನಂಬಿ ಕೂರುವಂತಿಲ್ಲ.

ಎರಡನೆಯದು ಮೊದಲಾ, ಮಗು ಮೊದಲಾ? ನಿಮ್ಮ ತೂಕ ನೀವು ಬರೆದಿಲ್ಲ. ಸ್ಲೀವ್‌ನಿಂದಲೇ ಚೆನ್ನಾಗಿ ಇಳಿದು, ಶುಗರ್ ಬಿಪಿ ಹತೋಟಿಯಲ್ಲಿದ್ದರೆ, ಹದಿನೆಂಟು ತಿಂಗಳು ಕಳೆದು ಮಗು ಮಾಡಿಕೊಂಡು, ಎರಡನೆಯದನ್ನು ಆಮೇಲೆ ಇಟ್ಟುಕೊಳ್ಳುವುದು ನನಗೆ ಸರಿ ಕಾಣುತ್ತದೆ. ಸ್ವಿಚ್ ಆದವರು ಬಸುರಿಯಾದರೆ ಪೋಷಕಾಂಶ ಹೊಂದಿಸುವುದು ಬಲು ಕಷ್ಟ. ತೂಕ ಇನ್ನೂ ತುಂಬಾ ಇದ್ದರೆ ಮಾತ್ರ ಲೆಕ್ಕ ಬೇರೆ. ಯಾವ ದಾರಿ ಹಿಡಿದರೂ ಗರ್ಭಕ್ಕೆ ಪ್ರಯತ್ನಿಸುವ ಮೊದಲು ಈಗ ನುಂಗುವ ವಿಟಮಿನ್ ಪಟ್ಟಿ ತೋರಿಸಿ. ವಿಟಮಿನ್ ಎ ರೆಟಿನಾಲ್ ರೂಪದಲ್ಲಿ ಜಾಸ್ತಿಯಾದರೆ ಮಗುವಿಗೆ ಒಳ್ಳೆಯದಲ್ಲ, ಬೀಟಾ ಕ್ಯಾರೋಟಿನ್ ರೂಪಕ್ಕೆ ಬದಲಾಯಿಸುತ್ತಾರೆ. ಅತ್ತೆಯವರನ್ನೂ ಒಂದು ಸಲ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಿ. ನೀವು ಹತ್ತು ಸಲ ಹೇಳುವುದಕ್ಕಿಂತ ಅದು ಸುಲಭ.

ಪ್ರಶ್ನೆ: ತೂಕ ಇಳಿಸುವ ಇಂಜೆಕ್ಷನ್ ತಗೊಂಡರೆ ಎರಡನೇ ಆಪರೇಷನ್ ತಪ್ಪುತ್ತದಾ?
– ಚಳ್ಳಕೆರೆಯ ಓದುಗ

ಉತ್ತರ: ಕೆಲವರಿಗೆ ತಪ್ಪಬಹುದು. ತಿರ್ಜೆಪಟೈಡ್ ಮತ್ತು ತೂಕಕ್ಕೆಂದೇ ಬಂದ ಸೆಮಾಗ್ಲುಟೈಡ್ ಇಂಜೆಕ್ಷನ್ ಎರಡೂ 2025ರಲ್ಲಿ ನಮ್ಮ ದೇಶದ ಮಾರುಕಟ್ಟೆಗೆ ಬಂದವು. ಸ್ಲೀವ್ ಆಗಿ ತೂಕ ನಿಂತವರಿಗೆ, ಇಲ್ಲವೇ ಎರಡನೆಯದಕ್ಕೆ ಮೊದಲು ಇನ್ನಷ್ಟು ಇಳಿಸಬೇಕಾದವರಿಗೆ ಸರ್ಜನ್‌ಗಳು ಇವನ್ನು ಬಳಸುತ್ತಾರೆ. ನಿಲ್ಲಿಸಿದರೆ ತೂಕ ಮರಳುವುದು ಸಾಮಾನ್ಯ. ಹಾಗಾಗಿ ವರ್ಷಗಟ್ಟಲೆ ಖರ್ಚು ತಡೆಯುತ್ತೀರಾ ನೋಡಿಕೊಳ್ಳಿ. ಮೊದಲೇ ಕಡಿಮೆ ತಿನ್ನುವವರಿಗೆ ವಾಕರಿಕೆ, ವಾಂತಿ ಸೇರಿದರೆ ಪ್ರೋಟೀನ್ ಇನ್ನೂ ಕುಸಿಯುತ್ತದೆ, ಮೇಲೆ ಹೇಳಿದ ಥಯಮಿನ್ ತೊಂದರೆಯೂ ಬರಬಹುದು. ಗೆಳೆಯರ ಚೀಟಿ ತೋರಿಸಿ ತರಬೇಡಿ. ಎಂಡೋಸ್ಕೋಪಿ ಅಥವಾ ಆಪರೇಷನ್ ಇದ್ದರೆ, ಕೊನೆಯ ಇಂಜೆಕ್ಷನ್ ಯಾವತ್ತು ತಗೊಂಡಿರಿ ಅಂತ ಅನಸ್ತೇಷಿಯಾ ಡಾಕ್ಟರ್‌ಗೆ ಮೊದಲೇ ಹೇಳಿ. ಈ ಔಷಧಿಯಿಂದ ಜಠರ ನಿಧಾನ ಖಾಲಿಯಾಗುತ್ತದೆ, ರಾತ್ರಿಯಿಂದ ಉಪವಾಸ ಇದ್ದರೂ ಒಳಗೆ ಊಟ ಉಳಿದಿರಬಹುದು.